ಗ್ರಹಣದ ರಾತ್ರಿ ಅಕ್ಕನಿಗೆ ನೀರು ಕೊಟ್ಟವರು ಯಾರು?



ಮಾರ್ಚ್ 3ರ ಮಂಗಳವಾರ ಮತ್ತೊಂದು ಚಂದ್ರಗ್ರಹಣ ಬರುತ್ತಿದೆ. ಈಗಾಗಲೇ ವಾಟ್ಸಾಪ್‌ನಲ್ಲಿ ಯಾವ ರಾಶಿಗೆ ಒಳ್ಳೆಯದು, ಯಾವ ರಾಶಿಗೆ ಕಂಟಕ ಎಂಬ ಮೆಸೇಜುಗಳು ಓಡಾಡುತ್ತಿವೆ. ನಮ್ಮ ಧರ್ಮಕೇಂದ್ರದ ಯುವಜನರ ಗುಂಪಿನಲ್ಲೂ ಒಂದು ಬಂತು. ಕಳಿಸಿದವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಕಳೆದ ಸಲ ನಮ್ಮ ಮನೆಯಲ್ಲಿ ನಡೆದದ್ದನ್ನು, ಅದರಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕಾಗಿದೆ.

ಕಳೆದ ವರ್ಷ ಸೆಪ್ಟೆಂಬರ್ 7ರ ಭಾನುವಾರ ರಾತ್ರಿ ಪೂರ್ಣ ಚಂದ್ರಗ್ರಹಣವಿತ್ತು. ಮರುದಿನ ಮಾತೆ ಮರಿಯಮ್ಮನವರ ಜನ್ಮೋತ್ಸವ. ಒಂಬತ್ತು ದಿನ ಮಕ್ಕಳು ಹೂವು ತಂದು ಅರ್ಪಿಸಿದ ನವೇನದ ಕೊನೆಯ ದಿನ ಅದು. ಏಳು ತಿಂಗಳ ಬಸುರಿಯಾಗಿದ್ದ ನನ್ನ ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆಡ್‌ಲ್ಯಾಂಡ್ ಸಡಾದ ನಮ್ಮ ಮನೆಯ ಮಹಡಿ ಹತ್ತಿದರೆ ಮುರ್ಮುಗಾಂವ್ ಬಂದರಿನ ದೀಪಗಳೆಲ್ಲ ಕಾಣುತ್ತವೆ. ಗ್ರಹಣ ನೋಡಲು ಒಳ್ಳೆಯ ಜಾಗ.

ರಾತ್ರಿ 9:57ಕ್ಕೆ ಗ್ರಹಣ ಹಿಡಿಯುವುದು, 1:26ಕ್ಕೆ ಬಿಡುವುದು. ಚಂದ್ರಗ್ರಹಣಕ್ಕೆ ಮೂರು ಯಾಮ, ಅಂದರೆ ಒಂಬತ್ತು ಗಂಟೆ ಮೊದಲೇ ಸೂತಕ ಹಿಡಿಯುತ್ತದೆ ಎನ್ನುವುದು ರೂಢಿ. ಆದ್ದರಿಂದ ಅಜ್ಜಿ ಮಧ್ಯಾಹ್ನ ಹನ್ನೆರಡೂವರೆಗೇ ಅಕ್ಕನಿಗೆ ಊಟ ಮುಗಿಸಿಸಿದಳು. "ಇನ್ನ ಬಿಡೂತನಕ ಏನೂ ಬಾಯಾಗ ಹಾಕ್ಕೊಬ್ಯಾಡ ಮಗಳಾ. ಚಾಕು ಮುಟ್ಟಬ್ಯಾಡ, ಸೂಜಿ ಹಿಡಿಬ್ಯಾಡ, ಕಾಲು ಮಡಚಿ ಮಲಗಬ್ಯಾಡ" ಎಂದಳು. ಕೈಗೆ ಜಪಸರ ಕೊಟ್ಟಳು. ಕಿಟಕಿಗೆ ಹಳೆಯ ಸೀರೆ ಕಟ್ಟಿದಳು. ಸಂಜೆ ತಾನು ನವೇನಕ್ಕೆ ಹೋಗಿ, ಮಾತೆಯ ಪಾದಕ್ಕೆ ಹೂವು ಇಟ್ಟು ಬಂದಳು.

ನಾನು ಬಿ.ಎಸ್ಸಿ. ಓದಿದವನು, ಭೌತಶಾಸ್ತ್ರ ನನ್ನ ಮುಖ್ಯ ವಿಷಯ. ಹತ್ತು ಗಂಟೆಗೆ ಮಹಡಿಯ ಮೇಲೆ ಓಣಿಯ ಹುಡುಗರನ್ನು ಕೂಡಿಸಿಕೊಂಡು, ಭೂಮಿಯ ನೆರಳು ಹೇಗೆ ಬೀಳುತ್ತದೆ ಎಂದು ಟಾರ್ಚ್ ಹಿಡಿದು, ಚೆಂಡು ಹಿಡಿದು ವಿವರಿಸುತ್ತಿದ್ದೆ. ಮೋಡ ಸರಿದಾಗಲೆಲ್ಲ ಹುಡುಗರು ಕೂಗುತ್ತಿದ್ದರು. ನನಗೂ ಹೆಮ್ಮೆ. ಹತ್ತೂವರೆಯ ಹೊತ್ತಿಗೆ ಅಕ್ಕನ ಫೋನ್ ಬಂತು. ಕೆಳಗಿನ ಕೋಣೆಯಿಂದ ಮೇಲಿನ ಮಹಡಿಗೆ ಫೋನ್. "ತಮ್ಮಾ, ಕಣ್ಣಿಗೆ ಕತ್ತಲಿ ಬರಾಕತ್ತೈತಿ. ಅವ್ವನ್ನ ಕರಿ."

ಓಡಿ ಇಳಿದೆ. ಹತ್ತು ಗಂಟೆ ಕಾಲ ಹನಿ ನೀರಿಲ್ಲದೆ, ಗಾಳಿಯಿಲ್ಲದ ಕೋಣೆಯಲ್ಲಿ, ಸೆಪ್ಟೆಂಬರಿನ ಸೆಕೆಯಲ್ಲಿ ಅಕ್ಕ ಬೆವೆತು ಗೋಡೆಗೆ ಒರಗಿದ್ದಳು. ಅವ್ವ ಅಜ್ಜಿಯ ಮುಖ ನೋಡಿದಳು. ನಾನೂ ಅಜ್ಜಿಯ ಮುಖ ನೋಡಿದೆ. ಮೇಲೆ ಹುಡುಗರಿಗೆ ಅಷ್ಟು ಚೆನ್ನಾಗಿ ಪಾಠ ಹೇಳಿದ ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಏನಾದರೂ ಆದರೆ ನನ್ನ ತಲೆಗೇ ಬರುತ್ತದಲ್ಲ ಎಂಬ ಭಯ. ಸುಮ್ಮನೆ ನಿಂತೆ.

ಎದ್ದವಳು ಅಜ್ಜಿಯೇ. ಚೊಂಬಿನ ನೀರಿಗೆ ಸಕ್ಕರೆ, ಉಪ್ಪು ಹಾಕಿ ತಂದು, "ನನ್ನ ಮಾತು ಇರ್ಲಿ ಬಿಡು, ಮೊದಲ ಕುಡಿ" ಎಂದಳು. ಆಮೇಲೆ ಗಂಜಿ ಕಾಸಿದಳು. ಕಿಟಕಿಯ ಸೀರೆ ಬಿಚ್ಚಿದಳು.

ಅಕ್ಕ ಚೇತರಿಸಿಕೊಂಡ ಮೇಲೆ ಅಜ್ಜಿ ಬಾಗಿಲಿಗೆ ಬಂದು ನಿಂತಳು. ಆಗ ಹನ್ನೊಂದೂವರೆ. ಮೋಡದ ನಡುವೆ ತಾಮ್ರದ ಬಣ್ಣದ ಚಂದ್ರ. ತುಂಬಾ ಹೊತ್ತು ನೋಡಿ, "ಇಷ್ಟ ಏನು?" ಎಂದಳು. ನಂತರ ನಮಗೆ ಯಾರಿಗೂ ಹೇಳದ ಒಂದು ಕತೆ ಹೇಳಿದಳು.

1980ರ ಫೆಬ್ರವರಿ 16. ಅಜ್ಜಿ ಆಗ ಗದಗ ಸೀಮೆಯ ಹಳ್ಳಿಯಲ್ಲಿದ್ದಳು. ಹೊಟ್ಟೆಯಲ್ಲಿ ನಮ್ಮ ಅವ್ವ. ಅಂದು ಮಧ್ಯಾಹ್ನ ಸಂಪೂರ್ಣ ಸೂರ್ಯಗ್ರಹಣ. ಚಂದ್ರನ ನೆರಳು ಅರಬ್ಬಿ ಸಮುದ್ರದಿಂದ ಬಂದು ಕಾರವಾರ, ಅಂಕೋಲಾಗಳ ಬಳಿ ನೆಲ ಮುಟ್ಟಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ನಮ್ಮ ಮುರ್ಮುಗಾಂವ್ ಆ ದಾರಿಯ ಉತ್ತರಕ್ಕೆ ಸ್ವಲ್ಪದರಲ್ಲಿ ತಪ್ಪಿ, ಸೂರ್ಯನ ಬಹುಪಾಲು ಮಾತ್ರ ಮುಚ್ಚಿತ್ತು. ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಂಥ ಊರುಗಳಿಗೆ ದೂರದರ್ಶಕ ಹೊತ್ತು ಬಂದು ಬಿಡಾರ ಹೂಡಿದ್ದರು. ಅವರು ಅಷ್ಟು ದೂರದಿಂದ ನೋಡಲು ಬಂದದ್ದು ಅಜ್ಜಿಯ ಮನೆಯ ಮಾಳಿಗೆಯ ಮೇಲೆಯೇ ಹಾದುಹೋಯಿತು. ಅಜ್ಜಿ ಕತ್ತಲ ಕೋಣೆಯಲ್ಲಿದ್ದಳು.

ಬೆಳಕಿಂಡಿಗೆ ಗೋಣಿತಾಟು ಹೊದಿಸಿದ್ದರಂತೆ. ಅದರ ಸಣ್ಣ ತೂತುಗಳಿಂದ ನೆಲದ ಮೇಲೆ ಬಿದ್ದ ಬೆಳಕಿನ ಚುಕ್ಕಿಗಳು ನೋಡುನೋಡುತ್ತಿದ್ದಂತೆ ಕುಡುಗೋಲಿನ ಆಕಾರಕ್ಕೆ ತಿರುಗಿದವು. ಕೋಣೆಯ ತುಂಬ ಕುಡುಗೋಲು! ತನ್ನ ಮಗುವಿನ ಮೇಲೆ ಯಾರೋ ಆಯುಧ ಎತ್ತಿದಂತೆ ಅನಿಸಿ, ಅಜ್ಜಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಗ್ರಹಣ ಬಿಡುವವರೆಗೆ ತೆರೆಯಲಿಲ್ಲ.

ಸಣ್ಣ ತೂತಿನಿಂದ ಬರುವ ಬೆಳಕು ಸೂರ್ಯನ ಆಕಾರವನ್ನೇ ನೆಲದ ಮೇಲೆ ಮೂಡಿಸುತ್ತದೆ. ಅರ್ಧ ಮುಚ್ಚಿದ ಸೂರ್ಯನಾದರೆ ಕುಡುಗೋಲಿನ ಆಕಾರ. ಗ್ರಹಣವನ್ನು ನೋಡಲು ಇರುವ ಅತ್ಯಂತ ಸುರಕ್ಷಿತ ವಿಧಾನವೇ ಅದು. ಅಜ್ಜಿಯ ಕೋಣೆಯಲ್ಲಿ ಆ ದಿನ ಒಳ್ಳೆಯ ವೀಕ್ಷಣಾಲಯವಿತ್ತು. ಅದನ್ನು ಹೇಳುವವರು ಮಾತ್ರ ಯಾರೂ ಇರಲಿಲ್ಲ. ನಲವತ್ತೈದು ವರ್ಷದ ನಂತರ ಹೇಳಬಲ್ಲವನೊಬ್ಬ ಅದೇ ಮನೆಯಲ್ಲಿದ್ದ. ಅವನು ಮಹಡಿಯ ಮೇಲಿದ್ದ.

ಲೆಕ್ಕ ಬೇರೆ, ಫಲ ಬೇರೆ

"ಪಂಚಾಂಗದಲ್ಲಿ ಹೇಳಿದ ನಿಮಿಷಕ್ಕೇ ಗ್ರಹಣ ಹಿಡಿಯುತ್ತದಲ್ಲ, ಹಾಗಾದರೆ ಅದರ ಫಲವೂ ನಿಜವೇ ಇರಬೇಕು" ಎಂದು ನಮ್ಮ ಗುಂಪಿನ ಒಬ್ಬ ತಂಗಿ ಕೇಳಿದಳು. ಇದು ಒಳ್ಳೆಯ ಪ್ರಶ್ನೆ. ನನಗೆ ತಿಳಿದಂತೆ ಗ್ರಹಣ ಜ್ಯೋತಿಷ್ಯದ ಇಡೀ ಬಲ ಇರುವುದು ಇಲ್ಲೇ.

ಗ್ರಹಣದ ವಿಷಯದಲ್ಲಿ ಎರಡು ಬಗೆಯ ಮಾತುಗಳಿವೆ. ಒಂದು ಲೆಕ್ಕ, ಇನ್ನೊಂದು ಫಲ. ಲೆಕ್ಕ ಬಹಳ ಹಳೆಯದು, ಬಹಳ ಸೊಗಸಾದದ್ದು. ಬಾಬಿಲೋನಿಯದವರು ನೂರಾರು ವರ್ಷ ಗ್ರಹಣಗಳನ್ನು ಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟು, ಸುಮಾರು 18 ವರ್ಷ 11 ದಿನಗಳಿಗೊಮ್ಮೆ ಅದೇ ಸರಣಿ ಮರಳುತ್ತದೆ ಎಂದು ಕಂಡುಕೊಂಡರು. ನಮ್ಮ ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ ಚಂದ್ರಗ್ರಹಣ ಭೂಮಿಯ ನೆರಳಿನಿಂದ, ಸೂರ್ಯಗ್ರಹಣ ಚಂದ್ರನಿಂದ ಆಗುತ್ತದೆ ಎಂದು ಬರೆದ. ರಾಹು, ಕೇತು ಎಂದು ನಾವು ಕೇಳುವ ಹೆಸರುಗಳಿಗೂ ಲೆಕ್ಕದಲ್ಲಿ ಅರ್ಥವಿದೆ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಅವೆರಡೂ ಒಂದನ್ನೊಂದು ದಾಟುವ ಎರಡು ಬಿಂದುಗಳೇ ರಾಹು ಮತ್ತು ಕೇತು. ಹುಣ್ಣಿಮೆಯೋ ಅಮಾವಾಸ್ಯೆಯೋ ಆ ಬಿಂದುವಿನ ಹತ್ತಿರ ಬಂದರೆ ಮಾತ್ರ ಗ್ರಹಣ. ಪ್ರತಿ ಹುಣ್ಣಿಮೆಗೂ ಗ್ರಹಣ ಆಗದಿರುವುದು ಅದಕ್ಕೇ.

ಫಲ ಬೇರೆ. ಅದು ಆಕಾಶದ ಈ ನೆರಳಾಟಕ್ಕೆ ಮನುಷ್ಯ ಅಂಟಿಸಿದ ಅರ್ಥ. ಎರಡನೆಯ ಶತಮಾನದ ಟಾಲೆಮಿ ಗ್ರಹಣಗಳಿಂದ ದೇಶಗಳ ಭವಿಷ್ಯ ಹೇಳುವ ವಿಧಾನವನ್ನೇ ಬರೆದಿಟ್ಟ. ಆರನೆಯ ಶತಮಾನದ ನಮ್ಮ ವರಾಹಮಿಹಿರನನ್ನು ನೋಡಿ. ತನ್ನ 'ಬೃಹತ್ಸಂಹಿತೆ'ಯಲ್ಲಿ, ರಾಹು ಎಂಬ ಹಾವೋ ರಾಕ್ಷಸನೋ ಸೂರ್ಯಚಂದ್ರರನ್ನು ನುಂಗುವುದಿಲ್ಲ, ಇದು ನೆರಳು ಎಂದು ವಾದಿಸುತ್ತಾನೆ. ಅದೇ ಅಧ್ಯಾಯದಲ್ಲಿ ಯಾವ ತಿಂಗಳ ಗ್ರಹಣ ಯಾವ ಜನರಿಗೆ ಕೇಡು ಎಂಬ ದೊಡ್ಡ ಪಟ್ಟಿಯನ್ನೂ ಕೊಡುತ್ತಾನೆ! ಅಷ್ಟು ದೊಡ್ಡ ಗಣಿತಜ್ಞನಲ್ಲೂ ಲೆಕ್ಕ ಮತ್ತು ಫಲ ಅಕ್ಕಪಕ್ಕದಲ್ಲಿ ಬದುಕಿದ್ದವು. ನನ್ನಲ್ಲೂ ಆ ರಾತ್ರಿ ಹಾಗೆಯೇ ಇದ್ದವು.

ನಮ್ಮ ಅಪ್ಪ ಬಾರ್ಜಿನಲ್ಲಿ ಕೆಲಸ ಮಾಡುತ್ತಾರೆ. ಬಂದರಿನವರೆಲ್ಲ ಉಬ್ಬರ ಇಳಿತದ ಪಟ್ಟಿ ನೋಡಿಯೇ ನಡೆಯುವವರು. ವರ್ಷಕ್ಕೆ ಮೊದಲೇ ಅಚ್ಚಾಗಿರುತ್ತದೆ, ಇಂಥ ದಿನ ಇಷ್ಟು ಗಂಟೆಗೆ ನೀರು ಇಷ್ಟು ಏರುತ್ತದೆ ಎಂದು. ಅದೂ ಸೂರ್ಯ ಚಂದ್ರರ ಲೆಕ್ಕವೇ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಇಬ್ಬರೂ ಒಂದೇ ಸಾಲಿಗೆ ಬರುವುದರಿಂದ ಉಬ್ಬರ ದೊಡ್ಡದು. ಗ್ರಹಣದ ದಿನವೂ ಅಷ್ಟೇ. ಆ ರಾತ್ರಿ ನೀರು ಏರಿತು, ಇಳಿಯಿತು. ಬಂದರಿನ ದೀಪಗಳು ಆರಲಿಲ್ಲ. "ಈ ಪಟ್ಟಿ ನೀರು ಎಷ್ಟು ಏರತೈತಿ ಅಂತ ಹೇಳತೈತಿ. ಯಾರ ಮನಿಗೆ ಕೇಡು ಅಂತ ಹೇಳಂಗಿಲ್ಲ. ಅದಕ್ಕ ಇದನ್ನ ನಂಬತೀನಿ" ಎಂದು ಅಪ್ಪ ಮರುದಿನ ನಗುತ್ತ ಹೇಳಿದರು. ತಂಗಿಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. ಲೆಕ್ಕ ಸರಿಯಾದ ಮಾತ್ರಕ್ಕೆ ಅದರ ಜೊತೆ ಕಟ್ಟಿಕೊಟ್ಟ ಫಲ ಸರಿಯಾಗುವುದಿಲ್ಲ.

ಭಯದ ಬೆಲೆ ಕೊಡುವವರು

ಗ್ರಹಣದ ಇತಿಹಾಸ ಓದುತ್ತಾ ಹೋದಂತೆ ಒಂದು ವಿಷಯ ನನ್ನನ್ನು ಕಾಡಿತು. ಗ್ರಹಣ ಯಾರಿಗೂ ಕೇಡು ಮಾಡಿಲ್ಲ. ಗ್ರಹಣದ ಭಯ ಮಾಡಿದೆ. ಆ ಕೇಡು ಬೀಳುವುದು ಯಾವಾಗಲೂ ಎದುರು ಮಾತಾಡಲಾಗದವರ ಮೇಲೆ.

ಕ್ರಿಸ್ತಪೂರ್ವ ಏಳನೆಯ ಶತಮಾನದ ಅಸ್ಸೀರಿಯದಲ್ಲಿ ಗ್ರಹಣ ರಾಜನ ಸಾವನ್ನು ಸೂಚಿಸುತ್ತದೆ ಎಂದು ಜ್ಯೋತಿಷಿಗಳು ಹೇಳಿದರೆ, ರಾಜ ಸಿಂಹಾಸನದಿಂದ ಇಳಿದು ಅಡಗಿಕೊಳ್ಳುತ್ತಿದ್ದ. ಯಾರೋ ಒಬ್ಬ ಸಾಮಾನ್ಯನನ್ನು ತಂದು ರಾಜನ ಬಟ್ಟೆ ತೊಡಿಸಿ ಕೂರಿಸುತ್ತಿದ್ದರು. ಅವಧಿ ಮುಗಿದ ಮೇಲೆ ಅವನನ್ನು ಕೊಲ್ಲುತ್ತಿದ್ದರು. ಫಲ ನಿಜವಾಯಿತು, ರಾಜ ಬದುಕಿದ!

ಕ್ರೈಸ್ತರು ಇದರಿಂದ ಹೊರಗಿದ್ದರು ಎಂದುಕೊಳ್ಳಬೇಡಿ. 1504ರ ಫೆಬ್ರವರಿ 29ರಂದು ಜಮೈಕಾದಲ್ಲಿ ಸಿಕ್ಕಿಬಿದ್ದಿದ್ದ ಕೊಲಂಬಸ್, ತನ್ನ ಬಳಿಯಿದ್ದ ಪಂಚಾಂಗದಲ್ಲಿ ಚಂದ್ರಗ್ರಹಣದ ವೇಳೆ ನೋಡಿ, ದೇವರು ನಿಮ್ಮ ಮೇಲೆ ಸಿಟ್ಟಾಗಿದ್ದಾನೆ ಎಂದು ಅಲ್ಲಿನ ಮೂಲನಿವಾಸಿಗಳನ್ನು ಹೆದರಿಸಿ ಅವರಿಂದ ಆಹಾರ ಪಡೆದ. ಲೆಕ್ಕ ಗೊತ್ತಿದ್ದವನು ಗೊತ್ತಿಲ್ಲದವರ ಮೇಲೆ ಭಯದ ವ್ಯಾಪಾರ ಮಾಡಿದ. ನಮ್ಮ ದೇವರ ಹೆಸರಿನಲ್ಲಿ.

ಇವು ದೂರದ ಕತೆಗಳು ಎನ್ನುವಿರಾ? 2019ರ ಡಿಸೆಂಬರ್ 26, ನಾವೆಲ್ಲ ಕ್ರಿಸ್ಮಸ್ ಮುಗಿಸಿ ಮಲಗಿ ಎದ್ದ ಬೆಳಗ್ಗೆ, ಕಾಸರಗೋಡು, ಮಂಗಳೂರು, ಕೊಡಗಿನ ಕಡೆ ಕಂಕಣ ಸೂರ್ಯಗ್ರಹಣ ಕಂಡಿತು. ಅದೇ ಬೆಳಗ್ಗೆ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಮಾಡಿದರೆ ಅಂಗವೈಕಲ್ಯ ಹೋಗುತ್ತದೆ ಎಂಬ ನಂಬಿಕೆ. ಅಳುತ್ತಿದ್ದ ಆ ಮಕ್ಕಳ ಚಿತ್ರ ದೇಶವೆಲ್ಲ ನೋಡಿತು. ಆ ತಂದೆತಾಯಿಯರು ಕ್ರೂರಿಗಳಲ್ಲ. ಮಗು ನಡೆಯಲಿ ಎಂಬ ಆಸೆಯಿಂದ ಮಾಡಿದವರು. ಪ್ರೀತಿಗೆ ಭಯವೂ ಸುಳ್ಳು ಆಸೆಯೂ ದಾರಿ ತೋರಿಸಿದರೆ ಹೀಗಾಗುತ್ತದೆ.

ಇನ್ನು ಬಸುರಿಯರು. ಗ್ರಹಣದಲ್ಲಿ ಚಾಕು ಹಿಡಿದರೆ ಮಗುವಿನ ತುಟಿ ಸೀಳುತ್ತದೆ ಎನ್ನುತ್ತಾರೆ. ಇದು ನಮ್ಮಲ್ಲಿ ಮಾತ್ರ ಅಲ್ಲ, ಕಥೋಲಿಕರೇ ಹೆಚ್ಚಿರುವ ಮೆಕ್ಸಿಕೋದಲ್ಲೂ ಇಂಥದೇ ನಂಬಿಕೆ ಇದೆ. ಅಲ್ಲಿ ಬಸುರಿಯರು ಬಟ್ಟೆಗೆ ಪಿನ್ ಚುಚ್ಚಿಕೊಳ್ಳುತ್ತಾರೆ. ನಿಜ ಏನೆಂದರೆ, ಮಗುವಿನ ತುಟಿ ಕೂಡಿಕೊಳ್ಳುವುದು ಗರ್ಭದ ನಾಲ್ಕರಿಂದ ಏಳನೆಯ ವಾರದೊಳಗೆ, ಅಂಗುಳ ಸುಮಾರು ಒಂಬತ್ತನೆಯ ವಾರದೊಳಗೆ. ಏಳನೆಯ ತಿಂಗಳಲ್ಲಿದ್ದ ನನ್ನ ಅಕ್ಕನ ಮಗುವಿನ ತುಟಿ ರೂಪುಗೊಂಡು ತಿಂಗಳುಗಳೇ ಆಗಿದ್ದವು. ಸೀಳುತುಟಿಗೆ ವಂಶವಾಹಿಗಳು, ತಾಯಿಯ ಸಕ್ಕರೆ ಕಾಯಿಲೆ, ಕೆಲವು ಔಷಧಿಗಳು, ಹೊಗೆಸೊಪ್ಪಿನ ಸೇವನೆ ಇವೆಲ್ಲ ಕಾರಣವಾಗಬಹುದು, ಚಂದ್ರನ ನೆರಳಲ್ಲ. ಶಸ್ತ್ರಚಿಕಿತ್ಸೆಯಿಂದ ಅದನ್ನು ಸರಿಪಡಿಸಲೂಬಹುದು. ಆದರೆ ಅಂಥ ಮಗು ಹುಟ್ಟಿದರೆ "ಗ್ರಹಣದಾಗ ಏನು ಕತ್ತರಿಸಿದಿ?" ಎಂಬ ಪ್ರಶ್ನೆ ತಾಯಿಗೇ ಬರುತ್ತದೆ. ಆ ಮಾತಿನ ಗಾಯಕ್ಕೆ ಶಸ್ತ್ರಚಿಕಿತ್ಸೆ ಇಲ್ಲ.

ನಮ್ಮ ವಿಶ್ವಾಸ ಏನು ಹೇಳುತ್ತದೆ?

ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯವನ್ನು ಗಮನವಿಟ್ಟು ಓದಿ. ದೇವರು ನಾಲ್ಕನೆಯ ದಿನ ಸೃಷ್ಟಿಸಿದ್ದನ್ನು ಹೇಳುವಾಗ ಸೂರ್ಯ, ಚಂದ್ರ ಎಂಬ ಹೆಸರುಗಳೇ ಇಲ್ಲ. ಒಂದು ದೊಡ್ಡ ಬೆಳಕು, ಒಂದು ಚಿಕ್ಕ ಬೆಳಕು, ಅಷ್ಟೇ. ಸುತ್ತಲಿನ ಜನ ಅವುಗಳನ್ನು ಶಮಾಶ್, ಸಿನ್ ಎಂದು ಪೂಜಿಸುತ್ತಿದ್ದ ಕಾಲದಲ್ಲಿ, ಇವು ದೇವರುಗಳಲ್ಲ, ದೇವರು ಹಚ್ಚಿಟ್ಟ ದೀಪಗಳು ಎಂದು ಆ ಅಧ್ಯಾಯ ಹೇಳುತ್ತದೆ. ಪ್ರವಾದಿ ಯೆರೆಮೀಯ ಹತ್ತನೆಯ ಅಧ್ಯಾಯದಲ್ಲಿ ಆಕಾಶದ ಗುರುತುಗಳಿಗೆ ಹೆದರಬೇಡಿ ಎಂದು ಜನರಿಗೆ ನೇರವಾಗಿ ತಿಳಿಸುತ್ತಾನೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ (2116) ಜಾತಕ, ಜ್ಯೋತಿಷ್ಯಗಳನ್ನು ಬಿಡಬೇಕು ಎನ್ನುತ್ತದೆ.

"ಯೇಸುಸ್ವಾಮಿ ಶಿಲುಬೆಯಲ್ಲಿದ್ದಾಗ ಕತ್ತಲಾಯಿತಲ್ಲ, ಅದು ಗ್ರಹಣ ಅಲ್ಲವೇ?" ಎಂದು ಹಲವರು ಕೇಳುತ್ತಾರೆ. ಸೂರ್ಯಗ್ರಹಣ ಆಗುವುದು ಅಮಾವಾಸ್ಯೆಯಂದು ಮಾತ್ರ. ಪಾಸ್ಕ ಹಬ್ಬ ಬರುವುದು ಹುಣ್ಣಿಮೆಗೆ. ಪೂರ್ಣ ಸೂರ್ಯಗ್ರಹಣದ ಕತ್ತಲು ಒಂದೆಡೆ ಏಳೂವರೆ ನಿಮಿಷ ದಾಟುವುದೂ ಇಲ್ಲ, ಶುಭಸಂದೇಶ ಹೇಳುವುದು ಮೂರು ಗಂಟೆಯ ಕತ್ತಲನ್ನು. ಮೂರನೆಯ ಶತಮಾನದ ಕ್ರೈಸ್ತ ಲೇಖಕ ಜೂಲಿಯಸ್ ಆಫ್ರಿಕಾನಸ್ ಹುಣ್ಣಿಮೆಯ ಈ ತೊಡಕನ್ನು ಆಗಲೇ ಎತ್ತಿ ತೋರಿಸಿದ್ದ. ನಮ್ಮ ಪೂರ್ವಜರು ವಿಶ್ವಾಸಿಗಳಾಗಿದ್ದುಕೊಂಡೇ ಲೆಕ್ಕ ಹಾಕುತ್ತಿದ್ದರು.

ಲೆಕ್ಕ ಹಾಕದೆ ಈಸ್ಟರ್ ದಿನಾಂಕವನ್ನೇ ಗೊತ್ತು ಮಾಡಲಾಗುವುದಿಲ್ಲ, ಅದು ಹುಣ್ಣಿಮೆಗೆ ಕಟ್ಟಿದ ಹಬ್ಬ. 1582ರ ಹೊಸ ಕ್ಯಾಲೆಂಡರಿನ ಹಿಂದೆ ಕ್ಲಾವಿಯಸ್ ಎಂಬ ಯೇಸುಸಭೆಯ ಗಣಿತಜ್ಞರಿದ್ದರು. ಅವರು 1560ರಲ್ಲಿ ಪೋರ್ಚುಗಲ್‌ನ ಕೊಯಿಂಬ್ರಾದಲ್ಲಿ ಪೂರ್ಣ ಸೂರ್ಯಗ್ರಹಣವನ್ನು ಕಣ್ಣಾರೆ ನೋಡಿದ್ದರು. 1618ರಲ್ಲಿ ನಮ್ಮ ಗೋವಾಕ್ಕೆ ಹಡಗಿನಲ್ಲಿ ಬಂದಿಳಿದು ಚೀನಾಕ್ಕೆ ಹೋದ ಫಾದರ್ ಆಡಂ ಶಾಲ್, 1644ರ ಸೆಪ್ಟೆಂಬರ್ 1ರ ಸೂರ್ಯಗ್ರಹಣದ ವೇಳೆಯನ್ನು ಬೀಜಿಂಗಿನಲ್ಲಿ ಎಲ್ಲರಿಗಿಂತ ಸರಿಯಾಗಿ ಹೇಳಿ ಅಲ್ಲಿನ ಖಗೋಳ ಕಚೇರಿಯ ಮುಖ್ಯಸ್ಥರಾದರು.

ಇನ್ನು, ಬೆತ್ಲೆಹೇಮಿಗೆ ಬಂದ ಜ್ಯೋತಿಷಿಗಳು? ಅವರು ನಕ್ಷತ್ರ ನೋಡಿಯೇ ಬಂದರು, ನಿಜ. ಆದರೆ ಅವರು ಅಡ್ಡಬಿದ್ದದ್ದು ಮಗುವಿಗೆ. ಆ ಮಗುವಿನ ಹಣೆಬರಹವನ್ನು ನಕ್ಷತ್ರ ಬರೆಯಲಿಲ್ಲ.

"ಒಂದು ದಿನ ತಾನೇ?"

ಹಿರಿಯರು ಕೇಳುವ ಮಾತು ಇದು. ಒಂದು ದಿನ ಉಪವಾಸ ಇದ್ದರೆ ಏನು ನಷ್ಟ? ನಾವು ತಪಸ್ಸುಕಾಲದಲ್ಲಿ ಉಪವಾಸ ಮಾಡುವುದಿಲ್ಲವೇ?

ಮಾಡುತ್ತೇವೆ. ಆದರೆ ಅದು ಪ್ರೀತಿಯಿಂದ, ನಾವೇ ಆರಿಸಿಕೊಂಡು ಮಾಡುವ ಉಪವಾಸ. ಬಸುರಿಯರಿಗೂ ಬಾಣಂತಿಯರಿಗೂ ರೋಗಿಗಳಿಗೂ ಧರ್ಮಸಭೆ ಅದರಿಂದ ವಿನಾಯಿತಿ ಕೊಡುತ್ತದೆ. ಗ್ರಹಣದ ಉಪವಾಸ ಭಯದಿಂದ ಬಂದದ್ದು, ಮತ್ತು ಅದರ ಭಾರ ಎಲ್ಲರಿಗಿಂತ ಹೆಚ್ಚು ಬಸುರಿಯ ಮೇಲೆ. ಅಂದು ನಾನು ಸಂಜೆ ಚಹಾ ಕುಡಿದಿದ್ದೆ, ಅಪ್ಪ ಊಟ ಮಾಡಿದ್ದರು. ನಮ್ಮನ್ನು ಯಾರೂ ತಡೆಯಲಿಲ್ಲ.

ಕೈಗೆ ಜಪಸರ ಕೊಟ್ಟ ಮಾತ್ರಕ್ಕೆ ಆ ಭಯ ಕ್ರೈಸ್ತವಾಗುವುದಿಲ್ಲ. ಜಪಸರ ಪ್ರಾರ್ಥನೆಗೆ ಇದೆ, ತಾಯಿತವಲ್ಲ. ಗರ್ಭಿಣಿಯಾಗಿದ್ದ ಮಾತೆ ಮರಿಯಮ್ಮ ಬೆಟ್ಟದ ಸೀಮೆಗೆ ಅವಸರದಿಂದ ನಡೆದುಹೋಗಿ ಎಲಿಜಬೇತಳನ್ನು ಕಂಡರು. ಕತ್ತಲ ಕೋಣೆಯಲ್ಲಿ ಕೂರಲಿಲ್ಲ.

ಹಾಗೆಂದು ಅಕ್ಕಪಕ್ಕದ ಹಿಂದೂ ಮನೆಗಳ ಆಚರಣೆಯನ್ನು ನೋಡಿ ನಗುವುದು ನಮಗೆ ಬೇಡ. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿ ದಾನ ಕೊಡುವ ಪದ್ಧತಿ ಅವರಲ್ಲಿದೆ. ಗ್ರಹಣದ ದಿನ ಭೂಮಿ ದಾನ ಕೊಟ್ಟದ್ದನ್ನು ಹೇಳುವ ಕನ್ನಡ ಶಾಸನಗಳು ಎಷ್ಟೋ ಇವೆ. ಭಯದ ದಿನವನ್ನು ಕೊಡುವ ದಿನವನ್ನಾಗಿ ಮಾಡಿದ್ದರಲ್ಲಿ ನಾವೂ ಕಲಿಯುವುದಿದೆ. ನನ್ನ ಮಾತು ಇರುವುದು ನಮ್ಮ ಮನೆಗಳ ಬಗ್ಗೆ, ಭಾನುವಾರ ಬಲಿಪೂಜೆಗೆ ಬಂದು ಸೋಮವಾರ ರಾಶಿಫಲ ಫಾರ್ವರ್ಡ್ ಮಾಡುವ ನಮ್ಮ ಬಗ್ಗೆ.

ಓದಿದವರು ಏನು ಮಾಡಬೇಕು?

ಮಹಡಿಯಿಂದ ಕೆಳಗಿಳಿಯಬೇಕು. ನಾನು ಕಲಿತದ್ದು ಇಷ್ಟೇ. ಅಜ್ಜಿಯೊಂದಿಗೆ ವಾದಕ್ಕೆ ನಿಂತಿದ್ದರೆ ಅವಳು ಸೋಲುತ್ತಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೇ ಅಕ್ಕನ ಪಕ್ಕದಲ್ಲಿ ಕೂತು, "ಅಜ್ಜೀ, ನೀರು ಕುಡಿಯೂದು ನನ್ನ ಜವಾಬ್ದಾರಿ ಇರ್ಲಿ" ಎಂದಿದ್ದರೆ ಸಾಕಿತ್ತು. ಮನೆಯಲ್ಲಿ ಎಲ್ಲರಿಗೂ ಬೇಕಿರುವುದು ಭಯವನ್ನು ತಮ್ಮ ಹೆಗಲಿಗೆ ತೆಗೆದುಕೊಳ್ಳುವ ಒಬ್ಬರು.

ಮಾರ್ಚ್ 3ರ ಗ್ರಹಣ ಮಧ್ಯಾಹ್ನ 3:20ಕ್ಕೆ ಹಿಡಿದು ಸಂಜೆ 6:48ಕ್ಕೆ ಬಿಡುತ್ತದೆ. ನಮ್ಮಲ್ಲಿ ಚಂದ್ರ ಹುಟ್ಟುವ ಹೊತ್ತಿಗೆ ಅದು ಮುಗಿಯುತ್ತಾ ಬಂದಿರುತ್ತದೆ, ಕಂಡರೆ ಕೆಲವೇ ನಿಮಿಷ. ಆ ಕೆಲವು ನಿಮಿಷಕ್ಕಾಗಿ ಕೆಲವು ಮನೆಗಳಲ್ಲಿ ಬೆಳಗ್ಗೆಯಿಂದಲೇ ಬಸುರಿಯರು ಹಸಿದಿರುತ್ತಾರೆ. ನಿಮ್ಮ ಓಣಿಯಲ್ಲಿ ಅಂಥವರು ಯಾರಿದ್ದಾರೆ ನೋಡಿ. ಹೋಗಿ ಮಾತಾಡಿಸಿ. ಅವರು ಉಂಡರೋ ಎಂದು ಕೇಳಿ.

2027ರ ಆಗಸ್ಟ್ 2ರಂದು ಸಂಜೆಯ ಹೊತ್ತಿಗೆ ನಮಗೆ ಭಾಗಶಃ ಸೂರ್ಯಗ್ರಹಣವಿದೆ. ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಬಾರದು ಎಂಬ ಒಂದು ಎಚ್ಚರಿಕೆ ಮಾತ್ರ ನಿಜ, ಅದನ್ನು ಎಲ್ಲರಿಗೂ ಹೇಳೋಣ. ಮಳೆಗಾಲದ ಮೋಡ ಬಿಟ್ಟುಕೊಟ್ಟರೆ ಗ್ರಹಣ ಕನ್ನಡಕ ತರಿಸಿ, ರಟ್ಟಿಗೆ ಸೂಜಿತೂತು ಮಾಡಿ ಮಕ್ಕಳಿಗೆ ತೋರಿಸೋಣ. ಅಜ್ಜಿಯನ್ನೂ ಕೂರಿಸಿ ಆ ಕುಡುಗೋಲುಗಳನ್ನು ಮತ್ತೆ ತೋರಿಸಬೇಕು ಎಂಬುದು ನನ್ನ ಆಸೆ, ಈ ಸಲ ಕಣ್ಣು ತೆರೆದುಕೊಂಡು. 2028ರ ಡಿಸೆಂಬರ್ 31ರ ರಾತ್ರಿ ಪೂರ್ಣ ಚಂದ್ರಗ್ರಹಣ. ವರ್ಷದ ಕೊನೆಯ ಪೂಜೆಗೆ ಬರುವಾಗ ತಲೆ ಎತ್ತಿದರೆ ಸಾಕು.

ಅಕ್ಕನಿಗೆ ನವೆಂಬರಿನಲ್ಲಿ ಹೆಣ್ಣು ಮಗು ಹುಟ್ಟಿತು. ಕಳೆದ ತಿಂಗಳು ದೀಕ್ಷಾಸ್ನಾನವಾಯಿತು. ಮಗು ಚೆನ್ನಾಗಿದೆ. ಆದರೆ ನಾನು ಇದನ್ನು ನನ್ನ ವಾದಕ್ಕೆ ಸಾಕ್ಷಿಯಾಗಿ ಹೇಳುತ್ತಿಲ್ಲ. 1980ರಲ್ಲಿ ಅವ್ವ ಚೆನ್ನಾಗಿ ಹುಟ್ಟಿದ್ದು ತಾನು ಕತ್ತಲಲ್ಲಿ ಕೂತದ್ದರಿಂದ ಎಂದು ಅಜ್ಜಿ ಇಷ್ಟು ವರ್ಷ ನಂಬಿದ್ದಳು. ಈ ಮಗು ಚೆನ್ನಾಗ
ಿರುವುದು ಆ ರಾತ್ರಿ ಗಂಜಿ ಕುಡಿದದ್ದರಿಂದ ಎಂದು ನಾನು ಹೇಳಿದರೆ ಅದೂ ಅದೇ ತಪ್ಪು. ತುಟಿ ಸೀಳಿದ ಮಗು ಹುಟ್ಟಿದ್ದರೂ ನನ್ನ ಅಕ್ಕನದು ತಪ್ಪಿರುತ್ತಿರಲಿಲ್ಲ. ಆ ಮಗುವೂ ದೇವರ ಮಗುವೇ ಆಗಿರುತ್ತಿತ್ತು.

ಬಾಯಾರಿದವರಿಗೆ ನೀರು ಕೊಟ್ಟೆವೋ ಇಲ್ಲವೋ ಎಂದು ಪ್ರಭು ಕೊನೆಯ ದಿನ ಕೇಳುತ್ತಾರೆ ಎಂದು ಮತ್ತಾಯನ ಶುಭಸಂದೇಶದಲ್ಲಿ ಓದುತ್ತೇವೆ. ಗ್ರಹಣದ ರಾತ್ರಿ ನಮ್ಮ ಮನೆಯಲ್ಲಿ ಕೊಟ್ಟವಳು ಹೆದರಿದ್ದ ಅಜ್ಜಿ. ಎಲ್ಲ ಗೊತ್ತಿದ್ದ ನಾನಲ್ಲ. ಮಾರ್ಚ್ 3ರಂದು ನಾವು ಮೊದಲು ಕೊಡೋಣ.